ಪಕ್ಷಮಾಸದ ಅಪ್‌ಡೇಟು

ಸೆಪ್ಟೆಂಬರ್ ತಿಂಗಳು ಗೌರಿ-ಗಣೇಶರಿಗೆ ಸೇರಿದ್ದೋ ಐಫೋನಿಗೆ ಸೇರಿದ್ದೋ ಎನ್ನುವುದು ನಮ್ಮ ಸನಿವೇಲ್ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. 2023ರಲ್ಲಂತೂ ಐಫೋನ್ ತಂತ್ರಾಂಶದ ಹದಿನೇಳನೇ ಆವೃತ್ತಿ ಬಿಡುಗಡೆಯಾದದ್ದು ಸೆಪ್ಟೆಂಬರ್ 18ಕ್ಕೆ, ಸರಿಯಾಗಿ ಹಬ್ಬದ ದಿನ. ನಮ್ಮವರ ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಫೋನು. ಯಾವುದನ್ನು ಅಲ್ಲಾಡಿಸಬೇಕು, ಯಾವುದನ್ನು ಅಲ್ಲಾಡಿಸಬಾರದು ಎಂಬ ಗಲಿಬಿಲಿಯಲ್ಲೇ ಮಂಗಳಾರತಿ ಮುಗಿಯಿತು.

2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂದು ಹೋಗಿತ್ತು. ಗಣಪತಿಯನ್ನು ಬಿಟ್ಟಾಯಿತು, ಇನ್ನು ತಕರಾರಿಲ್ಲ ಎಂದುಕೊಂಡು ನಮ್ಮವರು ಹೊಸ ಆವೃತ್ತಿಯ ತಾರೀಕು ಸಾರಿದರು: ಸೆಪ್ಟೆಂಬರ್ 15, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮೈಸೂರಿನಿಂದ ಬಂದಿದ್ದ ಅತ್ತೆ ಸೂಟ್‌ಕೇಸಿನಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. "ಪಕ್ಷಮಾಸ ಕಣೋ. ಮಹಾಲಯ ಅಮಾವಾಸ್ಯೆ 21ಕ್ಕೆ. ಅಲ್ಲೀವರೆಗೂ ಹೊಸದು ಯಾವುದೂ ಶುರು ಮಾಡೋ ಹಾಗಿಲ್ಲ."

"ಅಮ್ಮಾ, ಇದು ಹೊಸ ಫೋನಲ್ಲ. ಹಳೇ ಫೋನಿಗೆ ರಿಪೇರಿ."

ರಿಪೇರಿಗೆ ಶಾಸ್ತ್ರದಲ್ಲಿ ಅಡ್ಡಿಯಿಲ್ಲವಂತೆ. ಆದರೆ ಸೋಮವಾರ ಹತ್ತೂವರೆಯಿಂದ ಹನ್ನೆರಡು ಯಮಗಂಡಕಾಲ. ಮೈಸೂರಿನಲ್ಲಿ ಆಗ ರಾತ್ರಿ, ಅಲ್ಲಿಯ ಲೆಕ್ಕದಲ್ಲಿ ಯಮಗಂಡವೇ ಇಲ್ಲ ಎಂದು ನಮ್ಮವರು ವಾದಿಸಿದರು. "ಫೋನು ಯಾವ ನೆಲದಲ್ಲಿದೆಯೋ ಆ ನೆಲದ ಕಾಲ" ಎಂದು ಅತ್ತೆ ತೀರ್ಪು ಕೊಟ್ಟರು. ಇದೇ ಅತ್ತೆ ಏಕಾದಶಿ ಉಪವಾಸವನ್ನು ಮಾತ್ರ ಮೈಸೂರಿನ ಗಡಿಯಾರ ನೋಡಿ ಮುರಿಯುತ್ತಾರೆ. ಸೊಸೆಯಾದವಳು ಇಂಥದ್ದನ್ನು ಗಮನಿಸಬಹುದು, ಹೇಳಬಾರದು.

ಐಫೋನ್ ಕಂಪನಿಯ ಊರು ಕ್ಯುಪರ್ಟಿನೊ ನಮಗೆ ಪಕ್ಕದಲ್ಲೇ ಇದೆ. "ಇಷ್ಟು ಹತ್ತಿರ ಇದ್ದೀವಿ, ನಮಗೆ ಮೊದಲು ಬರೋಲ್ವೇ?" ಅಂತ ಅತ್ತೆ ಕೇಳಿದರು. ಬರುವುದಿಲ್ಲ. ನಮಗೆ ಬೆಳಿಗ್ಗೆ ಹತ್ತಾದಾಗ ಎಡಿಸನ್ನಿನ ನಾದಿನಿಗೆ ಮಧ್ಯಾಹ್ನ ಒಂದು, ಮೈಸೂರಿನ ಮಾವನವರಿಗೆ ರಾತ್ರಿ ಹತ್ತೂವರೆ. ಬಾಗಿಲು ತೆರೆಯುವುದು ಎಲ್ಲರಿಗೂ ಒಂದೇ ಗಳಿಗೆಗೆ. ಆದರೂ ನಾದಿನಿ ಪ್ರತಿವರ್ಷ "ನಮಗೆ ಆಗಲೇ ಬಂತು" ಎಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾಳೆ. ಮಗಳದ್ದು ಇನ್ನೊಂದು ವರಸೆ. ಜುಲೈನಿಂದಲೇ ಬೀಟಾ ಹಾಕಿಕೊಂಡು ಕೂತವಳು, "ಅದಾ? ಅದು ಹಳೇದಾಯ್ತು" ಎನ್ನುತ್ತಾಳೆ.

ನಿಜವಾದ ಕದನ ನಡೆದದ್ದು ಹಿಂದಿನ ದಿನ, ಭಾನುವಾರ. ಅತ್ತೆಯ ಫೋನಿನಲ್ಲಿ ಜಾಗವಿರಲಿಲ್ಲ. ಹೊಸ ಆವೃತ್ತಿಗೆ ಹಲವು ಜಿಬಿ ಬೇಕು, ಅತ್ತೆಯ ಹತ್ತಿರ ಹಲವು ಸಾವಿರ ಶುಭೋದಯಗಳಿದ್ದವು. ಗುಲಾಬಿಯ ಶುಭೋದಯ, ರಾಘವೇಂದ್ರ ಸ್ವಾಮಿಗಳ ಶುಭೋದಯ, ಕಾಫಿ ಲೋಟದಿಂದ ಹಬೆಯಾಡುವ ಶುಭೋದಯ. ಅಳಿಸುವ ಕೆಲಸ ನನ್ನ ಪಾಲಿಗೆ ಬಂತು.

"ಇದು ಬೇಡ ಅಲ್ವಾ ಅತ್ತೆ?"

"ಅಯ್ಯೋ, ಅದು ಸರಸ್ವತೀಪುರಂ ಪದ್ಮ ಕಳಿಸಿದ್ದು. ಅವಳಿಗೆ ಮಂಡಿ ಆಪರೇಷನ್ ಆಗಿತ್ತಲ್ಲ, ಆಗ."

ಮಂಡಿಯ ಕಥೆ ಮುಗಿದ ಮೇಲೆ ಮುಂದಿನ ಚಿತ್ರ. ನಮ್ಮ ಹಿತ್ತಲಿನ ಅಳಿಲು, ಅಲುಗಾಡಿದ್ದು. ಅದೇ ಅಳಿಲಿನ ಬಾಲ ಮಾತ್ರ. ಅಳಿಲು ಹೋದ ಮೇಲಿನ ಬೇಲಿ. ಬೇಲಿಯನ್ನಾದರೂ ಅಳಿಸೋಣವೆಂದರೆ, "ಇರಲಿ, ಊರಿಗೆ ಹೋದಮೇಲೆ ನಿಮ್ಮ ಹಿತ್ತಲು ತೋರಿಸಕ್ಕೆ ಬೇಕಲ್ಲ" ಎಂದರು. ಮಧ್ಯಾಹ್ನದ ಹೊತ್ತಿಗೆ ಅಳಿಸಿದ್ದು ಬೆರಳೆಣಿಕೆ. ಆಗ ಮಗಳು ಒಂದು ಗುಟ್ಟು ಬಿಟ್ಟುಕೊಟ್ಟಳು. "ಅಜ್ಜಿ, ಅಳಿಸಿದ್ದು ಎಲ್ಲೂ ಹೋಗಲ್ಲ. ಮೂವತ್ತು ದಿನ ಫೋನಲ್ಲೇ ಬೇರೆ ಕಡೆ ಇರುತ್ತೆ." ಅತ್ತೆಯ ಮುಖ ಅರಳಿತು. "ಮೊದಲೇ ಹೇಳಬಾರದಿತ್ತೇ!" ಎಂದವರೇ ಸರಸರನೆ ತಾವೇ ಎಲ್ಲವನ್ನೂ ಅಳಿಸಿಬಿಟ್ಟರು. ಜಾಗ ಒಂದಿಷ್ಟೂ ಖಾಲಿಯಾಗಲಿಲ್ಲ. ಎಲ್ಲವೂ ಫೋನಲ್ಲೇ ಇತ್ತಲ್ಲ! ರಾತ್ರಿ ಅತ್ತೆ ಮಲಗಿದ ಮೇಲೆ ನಮ್ಮವರು ಪದ್ಮಮ್ಮನವರ ಗುಲಾಬಿ, ಅಳಿಲು, ಬೇಲಿಗಳನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಫೋನಿನಿಂದ ಶಾಶ್ವತವಾಗಿ ಅಳಿಸಿದರು. ಈ ಸಂಗತಿ ಅತ್ತೆಗೆ ಇನ್ನೂ ತಿಳಿದಿಲ್ಲ.

ಅತ್ತ ಮೈಸೂರಿನಲ್ಲಿ ಮಾವನವರದು ಬೇರೆಯೇ ರಗಳೆ. ಮನೆ ಖಾಲಿ ಬಿಡಬಾರದು, ಕರಿಬೇವಿನ ಗಿಡಕ್ಕೆ ನೀರು ಹಾಕುವವರಿಲ್ಲ ಎಂದು ಈ ಸಲ ಬರದೆ ಉಳಿದಿದ್ದರು. ಖಜಾನೆ ಇಲಾಖೆಯಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಅವರ ಮೊದಲ ಆಕ್ಷೇಪಣೆ: "ಈಗಿರೋದು 18. ಬರೋದು 26. ನಡುವಿನ ಏಳು ಎಲ್ಲಿ ಹೋಯ್ತಯ್ಯಾ?" ಕಂಪನಿ ಇನ್ನು ಮೇಲೆ ಮುಂಬರುವ ವರ್ಷದ ಸಂಖ್ಯೆಯನ್ನೇ ಇಡುತ್ತದೆ ಎಂದು ಮಗ ವಿವರಿಸಿದರೆ, "ಹಾಗಂತ ವೋಚರ್ ನಂಬರ್ ಹಾರಿಸಕ್ಕಾಗತ್ತಾ?" ಎಂದರು.

ಎರಡನೆಯದು ಹೆಚ್ಚು ನಾಜೂಕಿನದು. ನಮ್ಮ ಮನೆಯ ಫೋನುಗಳಿಗೂ ಒಂದು ವಂಶಾವಳಿ ಉಂಟು: ಮೊದಲು ನಮ್ಮವರ ಕೈ, ಆಮೇಲೆ ನನ್ನ ಕೈ, ಕೊನೆಗೆ ಕೈಚೀಲದಲ್ಲಿ ಮೈಸೂರು. ನಾವು ಇತ್ತ ವಲಸೆ ಬಂದರೆ ಫೋನುಗಳು ಅತ್ತ ಹೋಗುತ್ತವೆ. ಹೀಗೆ ಮಾವನವರ ಕೈ ಸೇರಿದ್ದು 2018ರ ಐಫೋನ್ ಎಕ್ಸ್‌ಆರ್. ಹೊಸ ಆವೃತ್ತಿ ಐಫೋನ್ 11 ಮತ್ತು ಅದರ ನಂತರದವುಗಳಿಗೆ ಮಾತ್ರ. ಇದನ್ನು ಜೂನ್‌ನಲ್ಲೇ ಹೇಳಿದ್ದೆವು, ಅವರು ನಂಬಲಿಲ್ಲ. ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಸ್ನೇಹಿತರೆಲ್ಲ ಬರುತ್ತದೆ ಎಂದಿದ್ದಾರಂತೆ. ಒಂಬತ್ತಕ್ಕೆ ಮಲಗುವ ಮನುಷ್ಯ ಆ ಸೋಮವಾರ ರಾತ್ರಿ ಫೋನನ್ನು ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಹತ್ತೂವರೆಗೆ ಎಚ್ಚರವಾಗಿ ಕೂತರು.

ನಮ್ಮಲ್ಲಿ ಹತ್ತು ಗಂಟೆಗೆ ಡೌನ್‌ಲೋಡ್ ಶುರುವಾಯಿತು. ಉಳಿದ ಸಮಯ ನಾಲ್ಕು ಗಂಟೆ ಎಂದಿತು, ಇಪ್ಪತ್ತು ನಿಮಿಷ ಎಂದಿತು, ಮತ್ತೆ ಒಂದು ಗಂಟೆಗೆ ಏರಿತು. ಜಗತ್ತಿಗೆ ಜಗತ್ತೇ ಒಟ್ಟಿಗೆ ಎಳೆಯುವಾಗ ಅದಾದರೂ ಏನು ಮಾಡೀತು? ಯಮಗಂಡ ಬಂತು, ಹೋಯಿತು. ಫೋನು ಕಪ್ಪಾಗಿ, ಲಾಂಛನದ ಕೆಳಗೆ ಬಿಳಿ ಗೆರೆ ತೆವಳತೊಡಗಿದಾಗ ಅತ್ತೆ ಪಕ್ಕದಿಂದ ಏಳಲಿಲ್ಲ. ಆಫೀಸಿನ ಮೀಟಿಂಗಿನಲ್ಲಿದ್ದ ನಮ್ಮವರು ಮೈಕ್ ಮುಚ್ಚಿ, "ಅಮ್ಮಾ, ಮುಟ್ಟಬೇಡಿ" ಎಂದು ಆಗಾಗ ಕೂಗುತ್ತಿದ್ದರು.

ಅಂತೂ ತೆರೆಯಿತು. ಲಿಕ್ವಿಡ್ ಗ್ಲಾಸ್ ಎಂಬ ಹೊಸ ಅಲಂಕಾರ: ಗುಂಡಿಗಳೆಲ್ಲ ಗಾಜು, ಗಾಜಿನ ಹಿಂದೆ ಚಿತ್ರ, ಚಿತ್ರದ ಮೇಲೆ ಅಕ್ಷರ. ಅತ್ತೆ ಕನ್ನಡಕ ಒರೆಸಿದರು, ಆಮೇಲೆ ಫೋನನ್ನೂ ಸೆರಗಿನಿಂದ ಒರೆಸಿದರು. ಮಗಳು ಸೆಟ್ಟಿಂಗ್ಸಿಗೆ ಹೋಗಿ ಪಾರದರ್ಶಕತೆ ಕಡಿಮೆ ಮಾಡುವ ಗುಂಡಿ ಒತ್ತಿ, ಅಕ್ಷರ ದಪ್ಪ ಮಾಡಿ ಕೊಟ್ಟಳು. "ಹಾಂ, ಈಗ ಚೆನ್ನಾಗಿದೆ. ಮೊದಲಿನ ಹಾಗೇ ಇದೆ!" ಎಂದರು ಅತ್ತೆ.

ಈ ಎಲ್ಲ ಅಪ್‌ಡೇಟುಗಳ ಪೈಕಿ ಅತ್ತೆ ತಾವಾಗಿ ಮೆಚ್ಚಿದ್ದು ಒಂದನ್ನೇ, 2017ರ ಹನ್ನೊಂದನೇ ಆವೃತ್ತಿ. ಐಫೋನಿನೊಳಗೇ ಕನ್ನಡದ ಕೀಲಿಮಣೆ ಬಂದದ್ದು ಆಗ. ಅವರ "ಊಟ ಆಯ್ತಾ?" ಇಂಗ್ಲಿಷ್ ಅಕ್ಷರಗಳಿಂದ ಬಿಡುಗಡೆ ಪಡೆದ ವರ್ಷ ಅದು.

ಮಾವನವರ ಕಥೆ ಹೇಳಿಬಿಡುತ್ತೇನೆ. ಅವರ ಎಕ್ಸ್‌ಆರಿಗೂ ಅದೇ ದಿನ ಏನೋ ಬಂತು: 18.7, ಭದ್ರತೆಯ ತಿದ್ದುಪಡಿ ಮಾತ್ರ. ಹೊಸ ಹುದ್ದೆಯಿಲ್ಲ, ಬಡ್ತಿಯಿಲ್ಲ, ಪಿಂಚಣಿದಾರರಿಗೆ ಡಿಎ ಬಂದ ಹಾಗೆ. ಖಜಾನೆಯವರಿಗೆ ಕೂಡಲೇ ಅರ್ಥವಾಯಿತು. "ಸರಿ, ನ್ಯಾಯವಾಗಿದೆ" ಎಂದು ಹಾಕಿಸಿಕೊಂಡು ಮಲಗಿದರು. ಮಾರನೆಯ ಬೆಳಿಗ್ಗೆ ಅವರ ಫೋನಿನಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಅತ್ತೆಗೆ ಕರೆ ಮಾಡುವ ಗುಂಡಿಯೂ.

ಆದ್ದರಿಂದ ಊರಿಗೆ ಹಳೇ ಫೋನ್ ಒಯ್ಯುವ ಹೊರನಾಡ ಬಂಧುಗಳಲ್ಲಿ ಒಂದು ವಿನಂತಿ: ಭದ್ರತೆಯ ತಿದ್ದುಪಡಿ ಇನ್ನೂ ಬರುತ್ತಿದೆಯೇ ಎಂದು ಮೊದಲು ವಿಚಾರಿಸಿ. ಬರುತ್ತಿದೆ, ಆದರೆ ಹೊಸ ಆವೃತ್ತಿ ಬರುವುದಿಲ್ಲ ಎಂದಾದರೆ, ಕಣ್ಣುಮುಚ್ಚಿ ಹಿರಿಯರ ಕೈಗೆ ಕೊಡಿ.