ಪಾಯಿಂಟು

ಚಳ್ಳಕೆರೆ ಸೀಮೆಯಲ್ಲಿ ಒಬ್ಬ ಮನುಷ್ಯ ಹೊಲದ ನಡುವೆ ನಿಂತು, ಕೈಯಿಂದ ದಾರ ಇಳಿಬಿಟ್ಟು, ತುದಿಯ ಗುಂಡನ್ನೇ ನೋಡುತ್ತ ಮೆಲ್ಲಗೆ ಸುತ್ತುತ್ತಿದ್ದಾನೆಂದರೆ ಅದಕ್ಕೆ ಒಂದೇ ಅರ್ಥ: ಬೋರ್‌ವೆಲ್ ಪಾಯಿಂಟ್ ನೋಡುತ್ತಿದ್ದಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೋಡುವವರಿದ್ದಾರೆ, ಬೇವಿನ ಕವಲುಕಡ್ಡಿ ಹಿಡಿಯುವವರಿದ್ದಾರೆ. ನನ್ನದು ದಾರದ ಪದ್ಧತಿ ಎಂದು ಜನ ತೀರ್ಮಾನಿಸಿದರು. ಹತ್ತು ನಿಮಿಷದಲ್ಲಿ ಬದುವಿನ ಮೇಲೆ ಏಳೆಂಟು ಮಂದಿ. "ಏನ್ ಮೇಷ್ಟ್ರೇ, ರಿಟೈರಾದ್ಮೇಲೆ ಇದನ್ನ ಕಲಿತ್ರಾ? ಎಷ್ಟಡಿಗೆ ಬೀಳ್ತೈತೆ?"

ನಾನು ಹುಡುಕುತ್ತಿದ್ದದ್ದೂ ಪಾಯಿಂಟನ್ನೇ. ಆದರೆ ಅದು ನೆಲದೊಳಗಿರಲಿಲ್ಲ, ಮೊಬೈಲಿನ ಲೆನ್ಸಿನೊಳಗಿತ್ತು.

ಇದಕ್ಕೆಲ್ಲ ಮೂಲ ನಮ್ಮಕ್ಕ. ಮೊಳಕಾಲ್ಮೂರಿನ ನೇಕಾರರ ಓಣಿಗೆ ಸೊಸೆಯಾಗಿ ಹೋದವಳು ಈಗ ಬೆಂಗಳೂರಿನಲ್ಲಿ ಮಗನ ಮನೆಯ ಆರನೇ ಮಹಡಿಯಲ್ಲಿದ್ದಾಳೆ. ಎರಡೂ ಮಂಡಿಗೆ ಆಪರೇಷನ್ ಆಗಿದೆ. "ಮೊಳಕಾಲೇ ಮುರಿದವಳಿಗೆ ಇನ್ನೆಲ್ಲಿಯ ಮೊಳಕಾಲ್ಮೂರೋ" ಎಂದು ಫೋನಿನಲ್ಲಿ ನಿಟ್ಟುಸಿರು ಬಿಟ್ಟಳು. ಪಕ್ಕದಲ್ಲಿದ್ದ ಮೊಮ್ಮಗ ಫೋನ್ ಕಿತ್ತುಕೊಂಡು, "ತಾತ, ನೀವೊಂದು ವರ್ಚುವಲ್ ಟೂರ್ ಮಾಡಿಬಿಡಿ, ಅಜ್ಜಿ ಸೋಫಾದಲ್ಲೇ ಕೂತು ಓಡಾಡ್ತಾಳೆ" ಎಂದ. ನಿಂತಲ್ಲೇ ಸುತ್ತಲೂ ಹನ್ನೆರಡು ಫೋಟೊ, ಪ್ರತಿಯೊಂದೂ ಹಿಂದಿನದರ ಮೇಲೆ ಮೂರರಲ್ಲೊಂದು ಪಾಲು ಹತ್ತಿಕೊಂಡಿರಬೇಕು. ಆಮೇಲೆ ಮೇಲಕ್ಕೆ, ಕೆಳಕ್ಕೆ. ಹೊಲಿಗೆ ಕೆಲಸ ಕಂಪ್ಯೂಟರಿನದು. ಕಾಳು ತುಂಬುವ ವಾಡೆಯೊಳಗೆ ಇಳಿದು ಕೂತವನಿಗೆ ಒಳಮೈಯೆಲ್ಲ ಊರೇ ಅಂಟಿಸಿದ ಹಾಗೆ ಕಾಣುತ್ತದೆ. ಬಾಣದ ಗುರುತು ಒತ್ತಿದರೆ ಈ ವಾಡೆಯಿಂದ ಮುಂದಿನ ವಾಡೆಗೆ.

ಉಪಾಯವೇನೂ ಹೊಸದಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲೇ ಇದಕ್ಕೆ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ದುಂಡನೆಯ ಕಟ್ಟಡ ಕಟ್ಟಿಸಿ, ಒಳಗೋಡೆಗೆ ಸುತ್ತಲೂ ಚಿತ್ರ ಹಾಕಿ ಟಿಕೆಟ್ ಇಟ್ಟ. ಅಷ್ಟು ದೂರವೇಕೆ, ಮೊಳಕಾಲ್ಮೂರಿನಿಂದ ಬಳ್ಳಾರಿ ದಾಟಿದರೆ ತೋರಣಗಲ್ಲು. ಅಲ್ಲಿನ ಕಲಾಧಾಮದಲ್ಲಿ ಹಂಪಿಯನ್ನು ಹೀಗೇ ದುಂಡು ಪರದೆಯ ಮೇಲೆ ನಿಲ್ಲಿಸಿದ್ದಾರೆ. ಅವರಿಗೆ ಭಾರಿ ಕ್ಯಾಮೆರಾಗಳಿದ್ದವು. ನನಗಿದ್ದದ್ದು ಗಾಜು ಸೀಳಿದ ಮೊಬೈಲು.

ಮೊದಲ ಪ್ರಯೋಗ ನಮ್ಮನೆ ಪಡಸಾಲೆಯಲ್ಲಿ. ಮೊಬೈಲನ್ನು ಮುಂದಕ್ಕೆ ಚಾಚಿ ಅಪ್ಪಾಲೆ ತಿಪ್ಪಾಲೆ ಆಡುವ ಹುಡುಗನಂತೆ ಒಂದು ಸುತ್ತು ತಿರುಗಿದೆ. ಹೊಲಿದು ಬಂದ ಚಿತ್ರದಲ್ಲಿ ಕಂಬ ನಡುವಿಗೇ ತುಂಡಾಗಿ ಪಕ್ಕಕ್ಕೆ ಸರಿದಿತ್ತು, ಅವರೆಕಾಯಿ ಸುಲಿಯುತ್ತಿದ್ದ ನನ್ನವಳಿಗೆ ಮೂರು ಕೈ. ಅವಳು ನೋಡಿ, "ಈ ಮನೆಗೆ ಮೂರೂ ಸಾಲಲ್ಲ" ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದಳು.

ತಪ್ಪು ಎಲ್ಲಿತ್ತೆಂದರೆ, ತಿರುಗಿದ್ದು ನಾನು. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೆಗೂ ಈಚೆಗೂ ನೆಗೆಯುತ್ತದೆ. ನೋಡುವ ಜಾಗ ಎರಡು ಅಂಗುಲ ಕದಲಿದರೂ ಹತ್ತಿರದ ವಸ್ತು ದೂರದ ಗೋಡೆಯೆದುರು ಜರುಗುತ್ತದೆ. ಚಾಚಿದ ಕೈಯಲ್ಲಿ ಲೆನ್ಸು ಗಾಣದೆತ್ತಿನಂತೆ ಸುತ್ತು ಹಾಕಿದ ಮೇಲೆ ಕಂಬ ಪಾಪ ಏನು ಮಾಡೀತು? ಲೆನ್ಸು ಇದ್ದಲ್ಲೇ ಇದ್ದು ನಾನು ಅದರ ಸುತ್ತ ಪ್ರದಕ್ಷಿಣೆ ಬರಬೇಕು. ಆ ಕದಲದ ಜಾಗವೇ ಪಾಯಿಂಟು. ಅದಕ್ಕೆಂದೇ ದುಬಾರಿ ಸ್ಟ್ಯಾಂಡುಗಳಿವೆ. ಬಡವರ ಉಪಾಯ, ಲೆನ್ಸಿನ ಕೆಳಗಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಗುರುತಿಟ್ಟು, ಗುಂಡು ಗುರುತು ಬಿಡದಂತೆ ಸುತ್ತುವುದು. 2023ರ ಏಪ್ರಿಲ್‌ನಲ್ಲಿ ಇಸ್ರೋದ ರೆಕ್ಕೆಯ ನೌಕೆ ಆಕಾಶದಿಂದ ತಾನಾಗಿಯೇ ರನ್‌ವೇ ಹುಡುಕಿಕೊಂಡು ಬಂದಿಳಿದದ್ದು ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನಲ್ಲಿ ನಾನು ದಾರ, ಗುಂಡು ಹಿಡಿದು ನಿಂತಿದ್ದೆ.

ಅಕ್ಕನ ತವರಿನ ಶೇಂಗಾ ಹೊಲದಲ್ಲಿ ಅವತ್ತು ಗುಂಡು ಕದಲಲಿಲ್ಲ, ಆದರೆ ಕುರಿಮಂದೆ ಕದಲಿತು. ನಾಲ್ಕನೇ ಫೋಟೊದಲ್ಲಿದ್ದ ಕುರಿ ಐದನೆಯದಕ್ಕೂ ನಡೆದು ಬಂದು, ಎರಡು ತಲೆ ಏಳು ಕಾಲಿನ ಪ್ರಾಣಿಯಾಗಿ ಹೊಲಿಗೆಯಾಯಿತು. ಚಳ್ಳಕೆರೆ ಸಂತೆಯಲ್ಲಿ ಒಳ್ಳೆ ರೇಟು ಬರುತ್ತಿತ್ತೋ ಏನೋ.

ಹೊಲವನ್ನು ಇನ್ನೊಮ್ಮೆ ತೆಗೆದರಾಯಿತೆಂದು ಮೊಳಕಾಲ್ಮೂರು ತಾಲ್ಲೂಕಿಗೆ ಹೊರಟೆ. ಮೊದಲು ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಇಲ್ಲಿಯದು. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು; ದಾರದ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಈ ಶಾಸನ ಬರೆದವನ ಹೆಸರು ಚಪಡ. ಎಲ್ಲವನ್ನೂ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ 'ಲಿಪಿಕಾರ' ಎನ್ನುವ ತನ್ನ ಕಸುಬಿನ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ನನಗೂ ಈ ಲಿಪಿ ಗೊತ್ತು ಅನ್ನುವ ಠೇಂಕಾರವಿರಬೇಕು. ನಮ್ಮ ಕಸುಬಿನಲ್ಲಿ ರುಜು ಬೇಡವೆಂದರೂ ಬೀಳುತ್ತದೆ. ಮನೆಗೆ ಬಂದು ನೋಡಿದರೆ ಕಾಲಕೆಳಗಿನ ಫೋಟೊದಲ್ಲಿ ನನ್ನ ಎಡಗಾಲಿನ ಹವಾಯಿ. ಅವನು ಚಪಡ, ನಾನು ಚಪ್ಪಲಿ.

ಅಕ್ಕನ ಮೈದುನನ ಮಗನ ಮಗ್ಗದ ಮನೆಯಲ್ಲಿ ಕಂಪ್ಯೂಟರಿಗೇ ತಲೆ ಕೆಟ್ಟಿತು. ಎರಡು ಫೋಟೊಗಳಲ್ಲೂ ಇರುವ ಒಂದೇ ಗುರುತನ್ನು ಪತ್ತೆ ಮಾಡಿ, ಗುರುತಿಗೆ ಗುರುತು ಕೂಡಿಸುವುದು ಅದರ ಕೆಲಸ. ಹಾಸಿನ ಸಾವಿರಾರು ರೇಷ್ಮೆ ಎಳೆಗಳೋ, ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮ. ಯಾವ ಎಳೆಗೆ ಯಾವ ಎಳೆ? ಸೀರೆಗೆ ಐದು ಅಂಚು ಮೂಡಿದವು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆಗೆ ನಾನು ಮಾಡಿದ ಅವಮಾನ ಅದು. ಹುಡುಗ ಇಣುಕಿ ನೋಡಿ, "ಎಳೆ ತಪ್ಪೈತೆ ಮಾವ" ಎಂದ. ಮುಗಿದ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಕೆಚ್ಚುವವನು ಅವನು. ಸಾವಿರಾರು ಎಳೆಯಲ್ಲಿ ಒಂದು ತಪ್ಪಿದರೂ ಬಟ್ಟೆಯಲ್ಲಿ ಗೊತ್ತಾಗುತ್ತದೆ. ಹನ್ನೆರಡು ಫೋಟೊ ಕೆಚ್ಚಲಾರದ ಯಂತ್ರದ ಮೇಲೆ ಅವನಿಗೆ ಕನಿಕರ ಬಂತು. "ಗುರುತು ಸಿಗ್ತಿಲ್ಲ ಅಂದ್ರೆ ಗುರುತು ಇಡಾನ ಬಿಡಿ" ಎಂದು ಹಾಸಿನ ಮೇಲೆ ಅಲ್ಲಲ್ಲಿ ಒಂದು ಅರಿಸಿನ ಕೊಂಬು, ಕನ್ನಡಕದ ಡಬ್ಬಿ, ಬೆಂಕಿಪೊಟ್ಟಣ ಇಟ್ಟ. ಮರುಮಾತಿಲ್ಲದೆ ಹೊಲಿಗೆ ಕೂತಿತು.

ಅಕ್ಕ ಟೂರ್ ನೋಡಿದಳು. ಫೋಟೊಗೆ ಒಂದು ಬೆನ್ನು ಇರುತ್ತದೆ, ತೋರಿಸಬಾರದ್ದನ್ನೆಲ್ಲ ನಾವು ಅಲ್ಲಿಗೆ ತಳ್ಳಿರುತ್ತೇವೆ. ಇದಕ್ಕೆ ಬೆನ್ನೇ ಇಲ್ಲವೆಂದು ನಾನು ಮರೆತಿದ್ದೆ. ಅವಳು ಮಗ್ಗದ ಕಡೆ ಒಂದು ಗಳಿಗೆ ನೋಡಿ ಗರಕ್ಕನೆ ಹಿಂದೆ ತಿರುಗಿದಳು. ಮೂಲೆಯ ಜೇಡರಬಲೆ, ತೊಳೆಯದ ಪಾತ್ರೆ, ಗೂಟಕ್ಕೆ ನೇತುಹಾಕಿದ ಒದ್ದೆ ಟವೆಲು, ಒಂದೂ ತಪ್ಪಲಿಲ್ಲ. ಆಮೇಲೆ ಮತ್ತೆ ಮಗ್ಗಕ್ಕೆ ಬಂದು, "ರೇಷ್ಮೆ ಮೇಲೆ ಬೆಂಕಿಪೊಟ್ಟಣ ಇಟ್ಟವನು ಯಾರೋ?" ಎಂದು ಆರನೇ ಮಹಡಿಯಿಂದ ಕೂಗಿದಳು. ಮೂವತ್ತು ವರ್ಷ ಲಾಳಿ ಆಡಿದ ಮನೆಯಲ್ಲಿ ಅವಳು ಮತ್ತೆ ಯಜಮಾನಿಯಾಗಿದ್ದಳು. ನನಗೆ ಬೈಗುಳವೂ ಹಿತವಾಗಿತ್ತು.

ಹೊಲವನ್ನು ಮತ್ತೆ ತೆಗೆದದ್ದು ಕುರಿ ಬರದ ನಸುಕಿನಲ್ಲಿ. ಚಪ್ಪಲಿಯ ನೆನಪಿನಿಂದ ಕಾಲಕೆಳಗಿನ ಫೋಟೊದ ಗೋಜಿಗೇ ಹೋಗಲಿಲ್ಲ. ಫೋಟೊ ಇಲ್ಲದ ಜಾಗವನ್ನು ಯಂತ್ರ ದುಂಡಗೆ ಕಪ್ಪು ಬಿಟ್ಟಿತು. ಬಲ್ಲವರು ಅದರ ಮೇಲೆ ತಮ್ಮ ಅಂಗಡಿಯ ಗುರುತು ಅಂಟಿಸುತ್ತಾರಂತೆ, ನನಗೆಲ್ಲಿಯ ಅಂಗಡಿ?

ಮೊನ್ನೆ ಪಕ್ಕದ ಹೊಲದವನು ಸಿಕ್ಕಾಗ ಮೊಬೈಲ್ ಕೈಗೆ ಕೊಟ್ಟೆ. ಬದು, ಬೇವಿನ ಮರ, ಆಕಾಶ ಎಲ್ಲ ತಿರುಗಿಸಿ ನೋಡಿದ. ನೆಲದ ಕಡೆ ಬಗ್ಗಿಸಿದವನು ಅಲ್ಲೇ ನಿಂತುಬಿಟ್ಟ. ಬೆರಳಿನಿಂದ ಹಿಗ್ಗಿಸಿ, ಹತ್ತಿರ ಹಿಡಿದು ನೋಡಿದ.

"ಬರೀ ಪಾಯಿಂಟ್ ನೋಡಿದ್ರಿ ಅಂದ್ಕಂಡಿದ್ದೆ ಮೇಷ್ಟ್ರೇ, ಯಾರಿಗೂ ಹೇಳ್ದಂಗೆ ಕೊರೆಸೇಬಿಟ್ಟೀರಲ್ಲ! ಆರೂವರೆ ಇಂಚಿಂದಾ? ಕೇಸಿಂಗ್ ಎಷ್ಟಡಿ ಹೋಯ್ತು?"