ಕಂಡವರ ಜಾಡು

ಮನುಷ್ಯರ ಗುಣ ಅರಿಯಲು ಕೆಲವರು ಅಂಗೈ ನೋಡುತ್ತಾರೆ, ಕೆಲವರು ಜಾತಕ ಕೇಳುತ್ತಾರೆ. ನನಗೆ ಅವರು ಸೈಕಲ್ ತುಳಿದ ಗೆರೆ ಸಿಕ್ಕರೆ ಸಾಕು. ಆಸಾಮಿ ಸೋಮಾರಿಯೋ, ಪುಕ್ಕಲನೋ, ತಿಂಡಿಪೋತನೋ, ಒಂಬತ್ತಕ್ಕೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹನ್ನೆರಡಕ್ಕೆ ಬರುವವನೋ, ಎಲ್ಲವನ್ನೂ ಹೇಳಬಲ್ಲೆ.

ಈ ವಿದ್ಯೆ ಒಲಿದದ್ದು ಮನೆಯಲ್ಲಿ ನನಗೊಂದು ಜಿಪಿಎಸ್ ಬೈಕ್ ಕಂಪ್ಯೂಟರ್ ಕೊಡಿಸಿದ ಮೇಲೆ. ಅಂಗೈಯಲ್ಲಿ ಅಡಗುವ ಕರಿ ಡಬ್ಬಿ. ಹ್ಯಾಂಡಲ್ ಮೇಲಿಟ್ಟು ಕಾಲು ಸುತ್ತು ತಿರುವಿದರೆ ಟಕ್ಕೆಂದು ಕೂರುತ್ತದೆ. "ಇನ್ನು ಮೇಲೆ ದಾರಿ ತಪ್ಪಿತು ಅನ್ನೋ ನೆಪ ನಡೆಯಲ್ಲ ರೀ" ಎಂದಳು ಹೆಂಡತಿ. ಉಡುಗೊರೆಯ ಹಿಂದಿನ ಉದ್ದೇಶ ಅಷ್ಟು ಬೇಗ ಬಯಲಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಫೋನನ್ನೇ ಹ್ಯಾಂಡಲ್‌ಗೆ ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಕಲ್ಲುದಾರಿಯ ಕುಲುಕಾಟಕ್ಕೆ ಅದರ ಕ್ಯಾಮೆರಾ ಕೆಡುತ್ತದೆ, ಬಿಸಿಲಿಗೆ ಪರದೆ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಫೋನಿಗೆ ಕರೆ ಬರುತ್ತದೆ.

ನಾನು ಎಂ.ಟಿ.ಬಿ., ಅಂದರೆ ಮೌಂಟನ್ ಬೈಕ್, ಹೊಡೆಯುವುದು ಬೆಂಗಳೂರಿನ ಪಶ್ಚಿಮಕ್ಕೆ, ದೊಡ್ಡ ಆಲದಮರ ದಾಟಿ ಮಂಚನಬೆಲೆಯ ಕಡೆ. ಟಾರು ಮುಗಿದದ್ದೇ ತಡ, ಬಂಡಿಜಾಡು, ದನ ಹಾಯುವ ಓಣಿ, ನೀಲಗಿರಿ ತೋಪು, ಮಾವಿನ ತೋಟ, ನಡುನಡುವೆ ಆನೆ ಮಲಗಿದಂಥ ಬಂಡೆ. ಎತ್ತ ತಿರುಗಿದರೂ 1226 ಮೀಟರಿನ ಸಾವನದುರ್ಗ ಕಾಣುತ್ತಿರುತ್ತದೆ. ಅಷ್ಟು ದೊಡ್ಡ ಗುರುತು ಕಣ್ಣೆದುರಿಗಿದ್ದೂ ದಾರಿ ತಪ್ಪುವುದು ಹೇಗೆ ಎಂದು ಕೇಳಬೇಡಿ. ಅಲ್ಲಿನ ಓಣಿಗಳೆಲ್ಲ ಬೆಟ್ಟದ ಕಡೆಗೇ ಹೊರಟಂತೆ ಕಂಡು, ಕೊನೆಗೆ ಯಾರದೋ ಹಿತ್ತಿಲಲ್ಲಿ ಒಗೆದ ಬಟ್ಟೆ ಹರವಿದ ಕಡೆ ಮುಗಿಯುತ್ತವೆ.

ಪೇಟೆಯಲ್ಲಾದರೆ ಯಂತ್ರ "ಮುಂದಿನ ಸರ್ಕಲ್ಲಿನಲ್ಲಿ ಎಡಕ್ಕೆ" ಎನ್ನುತ್ತದೆ. ಈ ಓಣಿಗಳಿಗೆ ಹೆಸರಿಲ್ಲ, ಸರ್ಕಲ್ ಇಲ್ಲ, ಎಷ್ಟೋ ಕಡೆ ನಕ್ಷೆಯೇ ಇಲ್ಲ. ಹಾಗಾಗಿ ಇಲ್ಲಿ ದಾರಿ ತೋರಿಸುವುದು ನಕ್ಷೆಯಲ್ಲ, ಜಿಪಿಎಕ್ಸ್ ಎಂಬ ಫೈಲು. ಯಾರೋ ಪುಣ್ಯಾತ್ಮ ಎಂದೋ ಒಂದು ದಿನ ಇಲ್ಲಿ ಸೈಕಲ್ ತುಳಿದಿರುತ್ತಾನೆ. ಅವನ ಡಬ್ಬಿ ಸೆಕೆಂಡು ಸೆಕೆಂಡಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಹೊತ್ತು ಬರೆದಿಟ್ಟುಕೊಂಡಿರುತ್ತದೆ. ಆ ಚುಕ್ಕೆಗಳನ್ನು ಕೂಡಿಸಿದರೆ ಒಂದು ಗೆರೆ. ಆ ಗೆರೆ ನನ್ನ ಪರದೆಯ ಮೇಲೆ ನೀಲಿಯಾಗಿ ಬಿದ್ದಿರುತ್ತದೆ, ಅದರ ಮೇಲೆ ಒಂದು ಪುಟ್ಟ ಬಾಣದ ತುದಿ, ಅದು ನಾನು. ಜಿಪಿಎಸ್ ಹಿಡಿದು ಕಾಡುದಾರಿಯಲ್ಲಿ ಹೋಗುತ್ತೇನೆಂದು ಬೀಗುವವರೆಲ್ಲ ಅಸಲಿಗೆ ಮಾಡುವುದಿಷ್ಟೇ: ಮುಖ ನೋಡದ ಒಬ್ಬನ ಹಿಂದೆ, ಅವನು ಹೋದ ಮೇಲೆ, ಅವನು ಮಾಡಿದ್ದನ್ನೆಲ್ಲ ಮಾಡುತ್ತ ಹೋಗುವುದು.

ಅವನು ಮಾಡಿದ್ದನ್ನೆಲ್ಲ ಎಂದೆನಲ್ಲ, ಅದರಲ್ಲಿ ಅವನ ತಪ್ಪುಗಳೂ ಸೇರಿದವು. ಗೆರೆ ಕವಲಿನಲ್ಲಿ ಬಲಕ್ಕೆ ಹೊರಟು, ಇನ್ನೂರು ಮೀಟರ್ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ ಎಡಕ್ಕೆ ತಿರುಗಿದೆಯೆಂದರೆ ಅವನಿಗೂ ದಾರಿ ಗೊತ್ತಿರಲಿಲ್ಲ ಎಂದರ್ಥ. ಯಂತ್ರಕ್ಕೆ ಅದು ತಿಳಿಯದು. ಅದರ ಪಾಲಿಗೆ ಬಲಕ್ಕೆ ಹೋಗಿ ಬರುವುದೂ ಸವಾರಿಯ ಅಂಗ. ಎಲ್ಲೋ ಒಂದು ಹುಣಸೆಮರದ ಕೆಳಗೆ ಗೆರೆ ಜೇಡನ ಬಲೆಯಾಗಿ ಸುತ್ತಿಕೊಂಡಿರುತ್ತದೆ. ಪ್ರದಕ್ಷಿಣೆ ಹಾಕಿದ ಭಕ್ತ ಎಂದುಕೊಳ್ಳಬೇಡಿ. ಟ್ಯೂಬು ಪಂಕ್ಚರ್ ಆಗಿ ಕೂತಿದ್ದಾನೆ. ನಿಂತ ಕಡೆಯೇ ನಿಂತರೂ ಜಿಪಿಎಸ್ ಚುಕ್ಕೆ ನಿಲ್ಲುವುದಿಲ್ಲ, ಆಚೆ ಐದು ಮೀಟರ್, ಈಚೆ ಐದು ಮೀಟರ್ ಅಲೆಯುತ್ತಲೇ ಇರುತ್ತದೆ. ಬಲೆ ದಟ್ಟವಾಗಿದ್ದಷ್ಟೂ ಆಸಾಮಿಗೆ ಪಂಕ್ಚರ್ ಹಾಕಲು ಬರುವುದಿಲ್ಲ ಎಂದು ತಿಳಿಯಬೇಕು.

ಒಬ್ಬ ಮಹಾನುಭಾವನ ಗೆರೆ ಮಂಚನಬೆಲೆಯ ಹಿನ್ನೀರಿನ ಮೇಲೆ ಈ ದಡದಿಂದ ಆ ದಡಕ್ಕೆ ನೇರವಾಗಿ ಹಾದಿತ್ತು. ಅರ್ಕಾವತಿಯ ಮೇಲೆ ನಡೆದ ಸಿದ್ಧಪುರುಷನಲ್ಲ ಅವನು. ದಡದಲ್ಲಿ ಫೋಟೋ ತೆಗೆಯಲು ನಿಂತಾಗ ಡಬ್ಬಿಯನ್ನು ನಿಲ್ಲಿಸಿದ್ದಾನೆ, ಮತ್ತೆ ಶುರು ಮಾಡಲು ಮರೆತು ಊರೆಲ್ಲ ಬಳಸಿ ಆಚೆ ದಡಕ್ಕೆ ಹೋದ ಮೇಲೆ ನೆನಪಾಗಿದೆ. ಯಂತ್ರ ಎರಡು ಚುಕ್ಕೆಗಳನ್ನು ನೇರ ಕೂಡಿಸಿ ಕೈತೊಳೆದುಕೊಂಡಿತು. ನಾನು ದಡದಲ್ಲಿ ನಿಂತು ನೋಡಿದರೆ ಪರದೆ ಹೇಳುತ್ತಿತ್ತು: ನೇರ ಹೋಗಿ.

ನನಗೆ ಬಹಳ ಇಷ್ಟವಾದ ಫೈಲು ಇನ್ನೊಬ್ಬನದು. ಶಾಂತ ಮನುಷ್ಯ, ಗಂಟೆಗೆ ಒಂಬತ್ತು, ಹತ್ತು ಕಿಲೋಮೀಟರ್, ಅಲ್ಲಲ್ಲಿ ವಿಶ್ರಾಂತಿ. ತೆಂಗಿನ ತೋಟವೊಂದರ ಮೂಲೆಯಲ್ಲಿ ಮಾತ್ರ, ಅದೂ ಏರಿನಲ್ಲಿ, ವೇಗ ಇದ್ದಕ್ಕಿದ್ದಂತೆ 31ಕ್ಕೆ ಜಿಗಿದು, ಅರ್ಧ ಕಿಲೋಮೀಟರ್ ಹಾಗೇ ಉಳಿದು, ಮತ್ತೆ ಒಂಬತ್ತಕ್ಕೆ ಇಳಿದಿತ್ತು. ಉಪಗ್ರಹದ ತಪ್ಪಿರಬೇಕು ಎಂದುಕೊಂಡಿದ್ದೆ. ಆ ಮೂಲೆಗೆ ಹೋದಾಗ ಸಂಶಯ ಪರಿಹಾರವಾಯಿತು. ಕಂದುಬಣ್ಣದ್ದು, ಒಂದು ಕಿವಿ ಹರಿದದ್ದು. ನನ್ನ ಗೆರೆಯಲ್ಲೂ ಈಗ ಅದೇ ಜಾಗದಲ್ಲಿ ಅಂಥದೇ ಒಂದು ಶಿಖರವಿದೆ.

ಗೆರೆಗಳು ಗುಟ್ಟು ಬಿಟ್ಟುಕೊಡುವುದು ನಮ್ಮಂಥ ಬಡಪಾಯಿಗಳದ್ದು ಮಾತ್ರ ಅಲ್ಲ. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರೆಲ್ಲರ ಓಟ, ಸವಾರಿಗಳ ಗೆರೆಗಳನ್ನು ಒಟ್ಟುಗೂಡಿಸಿ ಜಗತ್ತಿನ ನಕ್ಷೆಯ ಮೇಲೆ ಬೆಳಗಿಸಿತ್ತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ನೋಡುತ್ತಾನೆ, ಸಿರಿಯಾ, ಅಫ್ಘಾನಿಸ್ತಾನದ ಕತ್ತಲಲ್ಲಿ ಅಲ್ಲಲ್ಲಿ ಚೌಕಾಕಾರದ ಬೆಳಕು. ಸೈನಿಕರು ನೆಲೆಯೊಳಗೆ ಬೆಳಗಿನ ಜಾಗಿಂಗ್ ಮಾಡಿದ್ದರು, ಕೈಗಡಿಯಾರ ಬರೆದುಕೊಂಡಿತ್ತು. ದೊಡ್ಡ ದೊಡ್ಡ ಸೈನ್ಯಗಳೇ ಹೀಗೆ ಸಿಕ್ಕಿಬಿದ್ದ ಮೇಲೆ, ಮಾಗಡಿ ರಸ್ತೆಯ ಬೋಂಡಾ ಅಂಗಡಿಯಲ್ಲಿ ನಾನು ಅಡಗುವುದು ಹೇಗೆ?

ಇಷ್ಟೆಲ್ಲ ಪುಕ್ಕಟೆ ಮನರಂಜನೆಯ ಹಿಂದಿನ ಏರ್ಪಾಟು ನೋಡಿದರೆ ಮಾತ್ರ ಸಂಕೋಚವಾಗುತ್ತದೆ. 20,200 ಕಿಲೋಮೀಟರ್ ಎತ್ತರದಲ್ಲಿ ಅಣುಗಡಿಯಾರ ಹೊತ್ತ ಉಪಗ್ರಹಗಳು. ಕಡೇಪಕ್ಷ ನಾಲ್ಕು ಒಟ್ಟಿಗೆ ಕಂಡರೆ ಡಬ್ಬಿ ಲೆಕ್ಕ ಹಾಕುತ್ತದೆ. ಆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ಐನ್‌ಸ್ಟೈನ್ ಲೆಕ್ಕದಂತೆ ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿ ತಪ್ಪು ಬೆಳೆಯುತ್ತದೆ. ಅಮೆರಿಕದವರು 2000ದ ಮೇ ತಿಂಗಳವರೆಗೆ ಜನಸಾಮಾನ್ಯರ ಸಂಕೇತಕ್ಕೆ ಬೇಕೆಂದೇ ತಪ್ಪು ಬೆರೆಸುತ್ತಿದ್ದರು, ನೂರು ಮೀಟರ್ ಅತ್ತಿತ್ತ ಆಗುತ್ತಿತ್ತು. ಆಗ ಸೈಕಲ್ ಹೊಡೆಯುತ್ತಿದ್ದವರ ಭಾಗ್ಯವೇ ಭಾಗ್ಯ. ಮನೆಗೆ ತಡವಾದರೆ ಅಮೆರಿಕದ ರಕ್ಷಣಾ ಇಲಾಖೆಯ ಮೇಲೆ ಹಾಕಬಹುದಿತ್ತು.

ನಮ್ಮದೂ ಇದೆ. ನಾವಿಕ್ ಉಪಗ್ರಹಗಳಿಗಾಗಿ ಇಸ್ರೋ 2013ರಲ್ಲಿ ನ್ಯಾವಿಗೇಷನ್ ಕೇಂದ್ರ ತೆರೆದದ್ದು ಬ್ಯಾಲಾಳಿನಲ್ಲಿ, ನಾನು ಸುತ್ತುವ ಸೀಮೆಯಲ್ಲೇ. ಚಂದ್ರಯಾನದೊಂದಿಗೆ ಮಾತಾಡಿದ 32 ಮೀಟರ್ ಅಗಲದ ಆಂಟೆನಾ ಇರುವುದೂ ಅಲ್ಲೇ. ಆ ಕಡೆಯ ಎರಡು ಪ್ರಸಿದ್ಧ ತಟ್ಟೆಗಳಲ್ಲಿ ಅದೊಂದು, ಬಿಡದಿಯದು ಇನ್ನೊಂದು. ಲಕ್ಷಗಟ್ಟಲೆ ಕಿಲೋಮೀಟರ್ ಆಚೆಯ ನೌಕೆ ಎಲ್ಲಿದೆಯೆಂದು ಕರಾರುವಾಕ್ಕಾಗಿ ಹೇಳುವ ಆ ತಟ್ಟೆಯ ನೆರೆಯಲ್ಲೇ ನಾನು ಲಂಟಾನದ ಪೊದೆಯೊಳಗೆ ನಿಂತು, ಈ ಓಣಿಯೋ ಪಕ್ಕದ ಓಣಿಯೋ ಎಂದು ತಲೆ ಕೆರೆದುಕೊಂಡಿರುತ್ತೇನೆ. ಎರಡು ಓಣಿಗಳ ನಡುವೆ ನಾಲ್ಕೇ ಮೀಟರ್ ಇದ್ದರೆ ಡಬ್ಬಿಗೂ ಗೊತ್ತಾಗುವುದಿಲ್ಲ. ಮರದ ನೆರಳಲ್ಲಿ ಸಂಕೇತ ಸೊರಗುತ್ತದೆ, ಬಂಡೆಗೆ ಬಡಿದು ತಿರುಗಿ ಬರುತ್ತದೆ.

ಅದಕ್ಕಿಂತ ದೊಡ್ಡ ತಮಾಷೆ ನಿಂತಾಗ. ನನ್ನ ಡಬ್ಬಿಯಲ್ಲಿ ದಿಕ್ಸೂಚಿ ಇಲ್ಲ. ನಾನು ಚಲಿಸುವುದನ್ನು ನೋಡಿ ಯಾವ ಕಡೆ ಮುಖ ಮಾಡಿದ್ದೇನೆಂದು ಅದು ಊಹಿಸಬೇಕು. ಕವಲಿನಲ್ಲಿ ನಿಂತು ಎತ್ತ ಎಂದು ಕೇಳಿದರೆ ಬಾಣ ಗಿರಗಿರನೆ ತಿರುಗುತ್ತದೆ. ಎತ್ತ ಹೋಗಬೇಕೆಂದು ತಿಳಿಯಲು ಮೊದಲು ಎತ್ತಲಾದರೂ ಹೋಗಬೇಕು, ತಪ್ಪಾಗಿದ್ದರೆ ಆಮೇಲೆ ಕೀಂ ಎನ್ನುತ್ತದೆ. ಸರಿಯಾಗಿ ಹೋದಾಗ ಒಂದು ಮಾತಿಲ್ಲ. ಸರ್ಕಾರಿ ಕಚೇರಿಯಲ್ಲಿ ಆಯಸ್ಸು ಕಳೆದ ನನಗೆ ಈ ಮೇಲಧಿಕಾರಿಯ ಪರಿ ಹೊಸದೇನಲ್ಲ.

ಹಾಗೆ ಬಾಣ ಗಿರಕಿ ಹೊಡೆಯುತ್ತಿದ್ದಾಗ ಒಮ್ಮೆ ಕುರಿ ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದು ಪರದೆಯನ್ನು ಇಣುಕಿ ನೋಡಿದ.

"ಏನ್ ಸಾಮಿ ಇದು, ಈ ನೀಲಿ ಗೆರೆ?"

"ದಾರಿ ಅಜ್ಜ. ಯಾರೋ ಒಬ್ಬರು ಹಿಂದೆ ಇಲ್ಲಿ ಹೋಗಿದ್ರು. ಅವರು ಹೋದ ಹಾಗೇ ನಾನೂ ಹೋಗ್ತಿದೀನಿ."

"ನಿಮ್ಗೆ ಬೇಕಾದೋರಾ?"

"ಇಲ್ಲ, ಯಾರೋ ಗೊತ್ತಿಲ್ಲ."

ಅಜ್ಜ ನನ್ನನ್ನೂ ಸೈಕಲನ್ನೂ ಒಮ್ಮೆ ನೋಡಿ ಕೇಳಿದ: "ಆವಪ್ಪ ಮನೆ ಸೇರ್ಕಂಡ್ನಾ?"

ಫೈಲು ತೆರೆದು ನೋಡಿದೆ. ಗೆರೆ ಹೊಲವೊಂದರ ನಡುವೆ ನಿಂತುಹೋಗಿತ್ತು. ಬ್ಯಾಟರಿ ಮುಗಿದಿರಬೇಕು. ಮನೆಯ ಗುರುತು ಸಿಗದಿರಲೆಂದು ಕೊನೆಯ ತುಂಡನ್ನು ಕತ್ತರಿಸಿ ಹಾಕುವವರೂ ಇದ್ದಾರೆ. ಅಜ್ಜನಿಗೆ ಇಷ್ಟೆಲ್ಲ ವಿವರಿಸುವ ಧೈರ್ಯ ನನಗಾಗಲಿಲ್ಲ. "ಅತ್ಲಾಗೆ ಹೋಗ್ಬೇಡಿ, ಲೇಔಟ್ ಮಾಡವ್ರೆ, ತಂತಿ ಬಿಗಿದವ್ರೆ" ಎಂದು ಅವನು ಕೋಲಿನಿಂದ ಇನ್ನೊಂದು ಓಣಿ ತೋರಿಸಿದ. ಆ ಕಡೆ ಹೊರಟೆ, ಡಬ್ಬಿ ಕೀಂಗುಟ್ಟುತ್ತಲೇ ಇತ್ತು. ಗೆರೆಗೆ ಲೇಔಟ್ ಗೊತ್ತಿಲ್ಲ. ಬೆಂಗಳೂರಿನ ಸುತ್ತ ಹೋದ ವರ್ಷದ ಕಾಲುದಾರಿಗೆ ಈ ವರ್ಷ ಕಮಾನು ಎದ್ದು, ಗೇಟು ಬಿದ್ದು, ಸೆಕ್ಯುರಿಟಿಯವನು ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಪರದೆಯ ಮೇಲೆ ನೀಲಿ ಗೆರೆ ಸೈಟ್ ನಂಬರ್ 42ರ ನಡುಮನೆಯಲ್ಲಿ ಹಾದುಹೋಗುತ್ತಿರುತ್ತದೆ.

ಡಬ್ಬಿಗೆ ಇನ್ನೂ ಕೆಲವು ಗುಣಗಳಿವೆ. ಏರು ಬಂದರೆ ಎಷ್ಟು ಉಳಿದಿದೆ ಎಂದು ಹೇಳಿ, ಎಷ್ಟು ಕಡಿದಾಗಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ, ಹಸಿರು, ಹಳದಿ, ಕೇಸರಿ, ಕೆಂಪು. ಕೆಂಪು ಕಂಡಾಗ ತೊಡೆಗೆ ಬಂದ ಸುದ್ದಿಯನ್ನೇ ಕಣ್ಣಿಗೂ ಮುಟ್ಟಿಸಿದಂತಾಗುತ್ತದೆ, ಮತ್ತೇನೂ ಉಪಯೋಗವಿಲ್ಲ. ತೀರಾ ನಿಧಾನವಾಗಿ ತುಳಿದರೆ ನಿಂತಿದ್ದೇನೆಂದು ತಿಳಿದು ತಾನಾಗಿ ಸಮಯ ನಿಲ್ಲಿಸಿಬಿಡುತ್ತದೆ. ಏದುಸಿರು ಬಿಡುತ್ತ ಪ್ರಾಣ ಪಣಕ್ಕಿಟ್ಟು ಹತ್ತುತ್ತಿರುವಾಗ ಪರದೆಯ ಮೇಲೆ "ವಿರಾಮ" ಎಂಬ ಗುರುತು ಮೂಡುವುದಕ್ಕಿಂತ ಅವಮಾನ ಇನ್ನಿಲ್ಲ. ಇದಕ್ಕೆ ಪರಿಹಾರವೆಂಬಂತೆ ಒಂದು ಕೃಪೆಯೂ ಉಂಟು. ಎತ್ತರವನ್ನು ಅದು ಗಾಳಿಯ ಒತ್ತಡದಿಂದ ಅಳೆಯುತ್ತದೆ. ಮಳೆ ಕವಿದು ಒತ್ತಡ ಇಳಿದರೆ ನಾವು ಹತ್ತಿದೆವೆಂದು ಬರೆದುಕೊಳ್ಳುತ್ತದೆ. ಒಂದು ಮಿಲಿಬಾರ್ ಇಳಿದರೆ ಹೆಚ್ಚುಕಡಿಮೆ ಎಂಟು ಮೀಟರ್. ಮುಂಗಾರಿನ ಮೊದಲ ಮೋಡ ಕಟ್ಟಿದ ದಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ನಾನು ಸಣ್ಣದೊಂದು ಗುಡ್ಡ ಹತ್ತಿದ್ದೇನೆ, ದಾಖಲೆ ಇದೆ.

ಸಂಜೆ ಆ ದಾಖಲೆಯನ್ನು ಹೆಂಡತಿ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಾಳೆ. ನನ್ನ ವಿದ್ಯೆಯನ್ನು ಅವಳು ನನಗಿಂತ ಬೇಗ ಕಲಿತಳು. ಅಲ್ಲಿ ಎರಡು ಸಮಯಗಳಿರುತ್ತವೆ, ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗಿನ ಒಟ್ಟು ಹೊತ್ತು ಒಂದು, ಚಕ್ರ ಉರುಳಿದ ಹೊತ್ತು ಇನ್ನೊಂದು. "ಆರು ಗಂಟೆ ಹೋಗಿದ್ರಿ, ಮೂರೂಕಾಲು ಗಂಟೆ ತುಳಿದ್ರಿ. ಮಿಕ್ಕಿದ್ದು?" ನಾನು ಉಪಗ್ರಹ, ಬಂಡೆ, ಐನ್‌ಸ್ಟೈನ್ ಎಲ್ಲವನ್ನೂ ಹೇಳಿದೆ. ಅವಳು ನಕ್ಷೆಯನ್ನು ದೊಡ್ಡದು ಮಾಡಿ, ಬಿಡದಿಯ ಹೋಟೆಲೊಂದರ ಮೇಲೆ ಹೆಣೆದಿದ್ದ ದಟ್ಟ ಬಲೆಯ ಮೇಲೆ ಬೆರಳಿಟ್ಟಳು. "ಇಲ್ಲೂ ಪಂಕ್ಚರ್ ಆಗಿತ್ತಾ?"

ಈಗ ನನ್ನ ಗೆರೆಯೂ ನಾಲ್ಕು ಜನರ ಕೈಗೆ ಸೇರಿದೆ. ನಿಮಗೂ ಸಿಕ್ಕರೆ ಇಷ್ಟು ನೆನಪಿಡಿ. ಮಾವಿನ ತೋಪಿನ ಬಳಿ ಹೋಗಿ ಹಿಂದಿರುಗಿದ ಮೂರು ಬಾಲಗಳಿವೆ, ಅವುಗಳನ್ನು ಬಿಟ್ಟು ನೇರ ನಡೆಯಿರಿ. ತೆಂಗಿನ ತೋಟದ ಮೂಲೆ ಬರುವ ಮುಂಚೆ ಗೇರು ಬದಲಿಸಿಕೊಳ್ಳಿ. ಕೊನೆಯಲ್ಲಿ ಗೆರೆ ಸುಮ್ಮಸುಮ್ಮನೆ ಟಾರು ರಸ್ತೆಗೆ ಇಳಿದು ಬಿಡದಿಯ ಕಡೆ ಹೊರಟಂತೆ ಕಾಣುತ್ತದೆ. ಅದು ತಪ್ಪಲ್ಲ, ಹಾಗೇ ಹೋಗಿ. ಹನ್ನೊಂದರ ಮೇಲೆ ತಟ್ಟೆ ಇಡ್ಲಿ ಮುಗಿದಿರುತ್ತದೆ.