ಜಪಾನಿನವನು ಉಂಡನೋ ಇಲ್ಲವೋ

ಪಾಂಡವಪುರ ತಾಲ್ಲೂಕಿನ ನಮ್ಮ ಕ್ಯಾತನಹಳ್ಳಿ, ಮೈಕ್ ಹಿಡಿದು ಗುಡುಗುತ್ತಿದ್ದ ರೈತಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಅಂಥ ಊರಿನ ನೀರು ಕುಡಿದೂ ನಾನು ಮೈಕ್ ಕಂಡರೆ ಬೆವರುವವನು. ಹೋಗಲಿ, ಯಾರೂ ಕಾಣದ ಕಡೆ ಕೂತು ಮಾತಾಡೋಣ ಅಂತ ಹವ್ಯಾಸಿಗಳ ಹ್ಯಾಮ್ ರೇಡಿಯೋ ಪರೀಕ್ಷೆ ಕಟ್ಟಿದೆ. ಪಾಸಾಯಿತು. ಕೇಂದ್ರ ಸರ್ಕಾರದ ಲೈಸೆನ್ಸ್ ಬಂತು, ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಬಂತು, ಮಾತು ಮಾತ್ರ ಬರಲಿಲ್ಲ. ಮೈಕಿನ ಗುಂಡಿ ಒತ್ತಿದರೆ ಹೊರಡುತ್ತಿದ್ದದ್ದು ಕೆಮ್ಮು. ಸಾವಿರಾರು ಮೈಲಿ ದೂರದವರಿಗೆ ಕೆಮ್ಮು ಕೇಳಿಸಲು ಲೈಸೆನ್ಸ್ ಏಕೆ ಬೇಕು?

ಆಗ ಕಣ್ಣಿಗೆ ಬಿದ್ದದ್ದು ಎಫ್‌ಟಿ8. ಇದರಲ್ಲಿ ಬಾಯಿಗೆ ಕೆಲಸವೇ ಇಲ್ಲ. ಸಂದೇಶವನ್ನು ಕಂಪ್ಯೂಟರ್ ಎಂಟು ಸ್ವರಗಳಿಗೆ ಇಳಿಸಿ ರೇಡಿಯೋಗೆ ಊದುತ್ತದೆ. ಅತ್ತ ಕಡೆಯ ಕಂಪ್ಯೂಟರ್ ಕೇಳಿಸಿಕೊಂಡು ಮತ್ತೆ ಅಕ್ಷರ ಮಾಡುತ್ತದೆ. ಗದ್ದಲದಲ್ಲಿ ಮುಳುಗಿ ಕಿವಿಗೆ ಏನೂ ಸಿಕ್ಕದಿದ್ದರೂ ಅದು ಹೆಕ್ಕಿ ತೆಗೆಯುತ್ತದೆ. 2017ರಲ್ಲಿ ಇದನ್ನು ತಂದವರು ಅಮೆರಿಕದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ. ಟೇಲರ್ ಅವರು ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ ರಸೆಲ್ ಹಲ್ಸ್ ಜೊತೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರು. ರಾತ್ರಿ ನನ್ನ ತಟ್ಟೆಯ ಮುದ್ದೆ ಆರಿ ಕಲ್ಲಾಗುವುದರ ಹಿಂದೆ ಇಂಥ ದೊಡ್ಡವರಿದ್ದಾರೆ ಅಂತ ಹೆಂಡತಿಗೆ ವಿವರಿಸಿದೆ. "ಅವರ ಮನೇಲಿ ಮುದ್ದೆ ಮಾಡಲ್ಲ, ಅವರಿಗೇನು ಕಷ್ಟ" ಅಂದಳು.

ಕಂಪ್ಯೂಟರ್ ಬೆಂಗಳೂರಿನ ಅಕ್ಕನ ಮಗ ಬಿಟ್ಟುಕೊಟ್ಟ ಮ್ಯಾಕ್‌ಬುಕ್. ನೋಡಲು ಲಕ್ಷಣವಾಗಿದೆ, ಆದರೆ ಮೈಮೇಲೆ ಇರುವುದೇ ಎರಡು ಸಣ್ಣ ತೂತು. ರೇಡಿಯೋದ ಯುಎಸ್‌ಬಿ ಕೇಬಲ್ ಅದಕ್ಕೆ ಹೋಗದು, ನಡುವೆ ಒಂದು ಡಾಂಗಲ್ ಬೇಕು. ಇನ್ನು ಎಫ್‌ಟಿ8 ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶವನ್ನು ಒಳಗೆ ಬಿಡಬೇಕಾದರೆ ಮ್ಯಾಕ್ ಮೊದಲು ಅದರ ಕುಲಗೋತ್ರ ಕೇಳುತ್ತದೆ. ಯಾರು ಮಾಡಿದ್ದೋ ಗೊತ್ತಿಲ್ಲ, ತೆರೆಯುವುದಿಲ್ಲ ಅನ್ನುತ್ತದೆ. ನೊಬೆಲ್ ತಗೊಂಡವರು ಮಾಡಿದ್ದು ಕಣಪ್ಪ ಅಂತ ಅದಕ್ಕೆ ಹೇಳುವ ಜಾಗವೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಪರವಾಗಿಲ್ಲ ಬಿಡು ಅಂತ ನಾವೇ ಜಾಮೀನು ನಿಲ್ಲಬೇಕು. ಆಮೇಲೆ ತಂತ್ರಾಂಶವೇ ಹಂಚಿಕೆಯ ಮೆಮೊರಿ ಸಾಲದು ಅನ್ನುತ್ತದೆ. ಒಂದು ಪುಟ್ಟ ಫೈಲನ್ನು ವ್ಯವಸ್ಥೆಯ ಒಳಕೋಣೆಗೆ ನಕಲು ಮಾಡಿ ಮ್ಯಾಕನ್ನು ಮಲಗಿಸಿ ಎಬ್ಬಿಸಬೇಕು. ಅದಕ್ಕೆ ಟರ್ಮಿನಲ್ ಎಂಬ ಕಿಟಕಿಯಲ್ಲಿ ಪಾಸ್‌ವರ್ಡ್ ಹೊಡೆಯಬೇಕು, ಹೊಡೆದದ್ದು ಪರದೆ ಮೇಲೆ ಕಾಣುವುದಿಲ್ಲ. ಒಂದು ಚುಕ್ಕಿ ಕೂಡ ಇಲ್ಲ. ಕಾಣದ ದೇವರಿಗೆ ಕೈಮುಗಿದ ಅಭ್ಯಾಸವಿರುವ ನಮ್ಮಂಥವರಿಗೇ ಇದು ಸಾಧ್ಯ.

ಎಲ್ಲ ಮುಗಿಯಿತು ಅನ್ನುವಾಗ ಮ್ಯಾಕ್ ಕೊನೆಯ ಪ್ರಶ್ನೆ ಎಸೆಯುತ್ತದೆ: ಈ ತಂತ್ರಾಂಶ ಮೈಕ್ ಬಳಸಲು ಒಪ್ಪಿಗೆಯೇ? ಮೈಕಿಗೆ ಹೆದರಿ ಓಡಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಮಾತೇ ಇದು? ಒಪ್ಪದಿದ್ದರೆ ಬಂದ ಸಿಗ್ನಲ್‌ಗಳನ್ನು ತೋರಿಸುವ ವಾಟರ್‌ಫಾಲ್ ಎನ್ನುವ ಪಟ್ಟಿಯಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ರೇಡಿಯೋದಿಂದ ಒಳಗೆ ಬರುವ ಸದ್ದನ್ನೂ ಮ್ಯಾಕ್ ಮೈಕಿನ ಲೆಕ್ಕಕ್ಕೇ ಹಾಕುತ್ತದೆ. ಒಪ್ಪಿದೆ.

ಇಷ್ಟಾದ ಮೇಲೆ ಗಡಿಯಾರದ ಕಾಟ. ಎಫ್‌ಟಿ8ರಲ್ಲಿ ಹದಿನೈದು ಸೆಕೆಂಡಿಗೊಂದು ಸರದಿ. ಒಬ್ಬ 12.64 ಸೆಕೆಂಡ್ ಊದಬೇಕು, ಮುಂದಿನ ಸರದಿಯಲ್ಲಿ ಬಾಯಿಮುಚ್ಚಿ ಕೇಳಬೇಕು. ಇಬ್ಬರ ಗಡಿಯಾರವೂ ಹೆಚ್ಚುಕಡಿಮೆ ಒಂದು ಸೆಕೆಂಡಿನೊಳಗೆ ಹೊಂದಬೇಕು. ನಮ್ಮ ಮನೆಯ ಗೋಡೆ ಗಡಿಯಾರವೋ, ಬಸ್ಸು ತಪ್ಪಬಾರದು ಅಂತ ಅವ್ವ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿರುವಂಥದ್ದು. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬರುತ್ತದೆ. ಇವೆರಡರ ನಡುವೆ ನಾನೊಬ್ಬ ಸೆಕೆಂಡು ಎಣಿಸುತ್ತೇನೆ, ಅದೂ ಇಂಗ್ಲೆಂಡಿನ ಗ್ರೀನಿಚ್ ಲೆಕ್ಕದಲ್ಲಿ. ಹ್ಯಾಮ್‌ಗಳ ದಾಖಲೆ ಪುಸ್ತಕ ನಡೆಯುವುದೇ ಹಾಗೆ. ಬೆಳಿಗ್ಗೆ ಎಂಟಕ್ಕೆ ಯಾರೋ ಟೈಮ್ ಕೇಳಿದರೆ "ಎರಡೂವರೆ" ಅಂದುಬಿಡುತ್ತೇನೆ. ಊರಿನಲ್ಲಿ ನನ್ನ ಬಗ್ಗೆ ಮೊದಲೇ ಇದ್ದ ಅನುಮಾನಗಳಿಗೆ ಇದು ಪುಷ್ಟಿ ಕೊಟ್ಟಿದೆ.

ಆಂಟೆನಾ 66 ಅಡಿ ತಂತಿ, 7 ಮೆಗಾಹರ್ಟ್ಸಿಗೆ. ಒಂದು ತುದಿ ಮಾಳಿಗೆಯ ನೀರಿನ ಟ್ಯಾಂಕಿಗೆ, ಇನ್ನೊಂದು ತೆಂಗಿನ ಮರಕ್ಕೆ. ಕಾಯಿ ಕೀಳುವವನನ್ನೇ ಹತ್ತಿಸಿ ಕಟ್ಟಿಸಿದೆ. ಇಳಿದು ಬಂದವನು "ಯಾವ್ ಚಾನಲ್ ಬತ್ತದೆ ಸಾ?" ಅಂದ. ಯಾವ ಚಾನಲ್ಲೂ ಬರಲ್ಲ ಅಂದೆ. ಕೂಲಿ ಈಸಿಕೊಳ್ಳುವಾಗ ಅವನ ಮುಖದಲ್ಲಿ ಕನಿಕರವಿತ್ತು.

ಚಾನಲ್ ಬರುವುದಿರಲಿ, ಬರುವುದೂ ನಿಲ್ಲುತ್ತದೆ. ನನ್ನ ಸರದಿ ಬಂದಾಗಲೆಲ್ಲ ಕೆಳಗೆ ಟಿವಿಯಲ್ಲಿ ಗೀರುಗಳು. ಹದಿನೈದು ಸೆಕೆಂಡ್ ಧಾರಾವಾಹಿ, ಹದಿನೈದು ಸೆಕೆಂಡ್ ಗೀರು. ಅತ್ತೆ ಸೊಸೆಯ ಜನ್ಮರಹಸ್ಯ ಬಾಯಿಬಿಡುವುದು ಕಡ್ಡಾಯವಾಗಿ ಗೀರಿನ ಪಾಳಿಯಲ್ಲೇ. ಕೇಬಲ್ಲಿಗೆ ಫೆರೈಟ್ ಉಂಗುರ ತೊಡಿಸಿದರೆ ಕಡಿಮೆಯಾಗುತ್ತದೆ ಅಂತ ನನ್ನವಳಿಗೆ ಹೇಳಿದೆ. "ನನಗೆ ಉಂಗುರ ತಂದು ಎಷ್ಟು ವರ್ಷ ಆಯ್ತು?" ಎಂದಳು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ನಡೆಸಿದರಲ್ಲ, ಆಗ ಅವರ ಮನೆಯವರು ಏನಂದಿರಬಹುದು ಎಂದು ಆಗಾಗ ಯೋಚಿಸುತ್ತೇನೆ. ಮನಶ್ಶಾಸ್ತ್ರ ಓದಿದ್ದರಿಂದ ಸಂಭಾಳಿಸಿರಬೇಕು.

ನನ್ನ ಸುಖದ ಗಳಿಗೆ ಎಂದರೆ ಕರೆಂಟ್ ಹೋಗುವುದು. ಪಂಪ್‌ಸೆಟ್ ಸ್ಟಾರ್ಟರ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲವೂ ಸಣ್ಣಸಣ್ಣ ಗದ್ದಲವನ್ನು ಗಾಳಿಗೆ ಬಿಡುತ್ತಿರುತ್ತವೆ. ಊರು ಕತ್ತಲಾದರೆ ರೇಡಿಯೋ ತಿಳಿಯಾಗುತ್ತದೆ. ರೇಡಿಯೋಗೆ ಟ್ರ್ಯಾಕ್ಟರ್ ಬ್ಯಾಟರಿ ಇದೆ, ಮ್ಯಾಕಿಗೆ ಅದರದ್ದೇ ಇದೆ. ಕಬ್ಬಿನ ಗದ್ದೆಗೆ ನೀರು ಹಾಯಿಸುತ್ತಿದ್ದವರು ಬೀದಿಯಲ್ಲಿ ಶಾಪ ಹಾಕುವಾಗ ಮಾಳಿಗೆ ಮೇಲೆ ನಾನೊಬ್ಬನೇ ಶಿಳ್ಳೆ ಹಾಕುತ್ತಿರುತ್ತೇನೆ. "ಮೆಲ್ಲಗೆ. ಫ್ಯೂಸ್ ಕಿತ್ತೋರು ನೀವೇ ಅಂದಾರು" ಎಂದು ಹೆಂಡತಿ ಎಚ್ಚರಿಸುತ್ತಾಳೆ.

ಅಂಥದೇ ಒಂದು ರಾತ್ರಿ, ಎಂಟು ಗಂಟೆ, ಧಾರಾವಾಹಿಯೂ ಇಲ್ಲದೆ ಬೇಸತ್ತ ಅವ್ವ ಮೆಟ್ಟಿಲು ಹತ್ತಿ ಬಂದಳು.

"ಅದೇನ್ಲಾ, ಶೀತ ಆದ ಗೂಬೆ ಕೂಗ್ದಂಗೆ ಕೂಗ್ತದಲ್ಲ?"

"ಜಪಾನ್ ಕಣವ್ವ."

ಅವ್ವ ಸೆರಗು ಸರಿಮಾಡಿಕೊಂಡು ಕೂತಳು. ಪರದೇಶದವರ ಎದುರು ಹೇಗೆ ಬೇಕೋ ಹಾಗೆ ಕೂರುವಂತಿಲ್ಲ.

"ಏನಂತಾವ್ನೆ?"

"ಮೈನಸ್ ಹದಿನಾಲ್ಕು ಅಂತಾವ್ನೆ."

"ನೀನೇನಂದೆ?"

"ಮೈನಸ್ ಒಂಬತ್ತು ಅಂದೆ."

ಅವ್ವ ನನ್ನನ್ನೂ ಮ್ಯಾಕನ್ನೂ ನೋಡಿದಳು. ಅದು ಸಿಗ್ನಲ್ ಎಷ್ಟು ಜೋರಾಗಿ ಬರುತ್ತಿದೆ ಅನ್ನುವ ಅಳತೆ, ನಾವು ಹೇಳಿಕೊಳ್ಳುವುದು ಕಾಲ್‌ಸೈನು, ಈ ಅಳತೆ ಮತ್ತು ಭೂಪಟದಲ್ಲಿ ನಮ್ಮ ಜಾಗದ ಚೌಕ ಮಾತ್ರ ಎಂದು ಬಿಡಿಸಿ ಹೇಳಿದೆ. ನಮ್ಮದು ಎಂಕೆ82. ಬೆಂಗಳೂರಿನ ಮೆಜೆಸ್ಟಿಕ್ಕೂ ಅದೇ ಚೌಕದೊಳಗೆ ಬರುತ್ತದೆ. ಜಪಾನಿನವನ ಪಾಲಿಗೆ ಎರಡೂ ಒಂದೇ.

"ಮಳೆ ಬೆಳೆ ಇಚಾರಿಸ್ನಿಲ್ವಾ?"

"ಇಲ್ಲ ಕಣವ್ವ."

"ಊಟ ಆಯ್ತಾ ಅಂತ್ಲಾದ್ರೂ ಕೇಳ್ಲಾ. ಅಷ್ಟು ದೂರದಿಂದ ಬಂದೋನ್ನ ಲೆಕ್ಕ ಹೇಳಿ ಕಳುಸ್ತಿಯಾ?"

ಸ್ವಂತ ಮಾತಿಗೆ ಇದರಲ್ಲಿ ಹದಿಮೂರು ಅಕ್ಷರದ ಜಾಗವಿದೆ, ಅದೂ ಇಂಗ್ಲಿಷ್ ಲಿಪಿಯಲ್ಲಿ. 'ಊಟ ಆಯ್ತಾ?' ಬರೆದು ನೋಡಿದೆ. ನಡುವಿನ ಜಾಗ, ಪ್ರಶ್ನೆ ಚಿಹ್ನೆ ಸೇರಿ ಹತ್ತೇ.

"ಇನ್ನೂ ಮೂರು ಉಳೀತಲ್ಲ, ಮುದ್ದೆನೋ ಅನ್ನನೋ ಕೇಳು" ಎಂದಳು ಅವ್ವ. ಮೂರರಲ್ಲಿ ಮುದ್ದೆ ಹಿಡಿಯುವುದಿಲ್ಲ. ಇದ್ದಷ್ಟನ್ನೇ ಕಳಿಸಿದೆ. ಹದಿನೈದು ಸೆಕೆಂಡ್ ಕಾದೆವು. 73 ಅಂತ ಬಂತು.

"ಏನಂದ?"

"ಎಪ್ಪತ್ಮೂರು. ಅಂದ್ರೆ ಶುಭಾಶಯ, ಹೋಗ್ಬತ್ತೀನಿ ಅಂತ."

"ಉಂಡ್ನಂತೋ ಇಲ್ವಂತೋ?"

"ಅದು ಗೊತ್ತಾಗಲ್ಲವ್ವ."

"ಅಲ್ಲೀಗ ಗಂಟೆ ಎಷ್ಟು?"

"ರಾತ್ರಿ ಹನ್ನೊಂದೂವರೆ."

ಕೆಳಗಿನಿಂದ ಹೆಂಡತಿ ಪಾತ್ರೆಗಳನ್ನು ಎತ್ತಿಡುವ ಸದ್ದು, ಬೇಕೆಂದೇ ಸ್ವಲ್ಪ ಜೋರಾಗಿ, ಕೇಳುತ್ತಿತ್ತು. ಅವ್ವ ಮಂಡಿ ಹಿಡಿದುಕೊಂಡು ಎದ್ದಳು.

"ಅಷ್ಟೊತ್ನಲ್ಲೂ ಅದರ ಮುಂದೆ ಕೂತವ್ನೆ ಅಂದ್ರೆ, ಅವ್ನ್ ಹೆಂಡ್ತೀನೂ ಊಟಕ್ಕಿಕ್ಕಿಲ್ಲ ಕಣ್ಲಾ. ಬಾ, ನಮ್ಮೋಳಾದ್ರೂ ಸಾರಿಟ್ಟವ್ಳಾ ನೋಡಾನ."